ಆಕ್ಸಿಮೀಟರ್, ಮೈಬಣ್ಣ ಮತ್ತು ಗ್ರಾಹಕ ಕಾನೂನು: ಹಳೆಯ ಪೀಸನ್ನು ವಾಪಸ್ ಕೊಡಬೇಡಿ

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಥರ್ಮಾಮೀಟರಿನ ಹಾಗೆ ಮನೆಮನೆಗೆ ಬಂತು. ಅಂಕಿ 94ರ ಮೇಲಿದ್ದರೆ ಮನೆಯಲ್ಲೇ ಇರಿ, ಕೆಳಗಿಳಿದರೆ ಆಸ್ಪತ್ರೆಗೆ ಹೊರಡಿ ಎಂದು ಎಲ್ಲರಿಗೂ ಹೇಳಿಕೊಟ್ಟರು. ಮೈಬಣ್ಣ ಕಪ್ಪಾಗಿದ್ದರೆ ಅದೇ ಅಂಕಿ ನಿಜಕ್ಕಿಂತ ಹೆಚ್ಚು ತೋರಿಸಬಹುದು ಎಂಬುದನ್ನು ಮಾತ್ರ ಮಾರಿದವರು ಹೇಳಲಿಲ್ಲ.

ಸಾಧನ ಕೆಲಸ ಮಾಡುವ ರೀತಿ ಸರಳ. ಬೆರಳಿನ ಮೂಲಕ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹಾಯಿಸಿ, ರಕ್ತ ಎಷ್ಟು ಬೆಳಕನ್ನು ಹೀರಿತು ಎಂಬುದರಿಂದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಚರ್ಮದ ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. ಆರೋಗ್ಯವಂತ ಸ್ವಯಂಸೇವಕರ ಬೆರಳಿಗೆ ಸಿಕ್ಕಿಸಿ ಸಾಧನದ ಲೆಕ್ಕವನ್ನು ಹೊಂದಿಸುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ 2013ರ ಮಾರ್ಗಸೂಚಿಯಲ್ಲಿ ಕೇಳಿದ್ದು ಇಷ್ಟೇ: ಪರೀಕ್ಷೆಗೆ ಕೂತವರಲ್ಲಿ ಕಪ್ಪು ಚರ್ಮದವರು ಕನಿಷ್ಠ ಇಬ್ಬರು ಅಥವಾ ಶೇ. 15, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಹತ್ತು ಜನರ ಪರೀಕ್ಷೆಯಲ್ಲಿ ಇಬ್ಬರು! 2020ರ ಡಿಸೆಂಬರಿನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಇದರ ಫಲವನ್ನು ಬಯಲಿಗಿಟ್ಟರು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ಅಪಧಮನಿಯ ರಕ್ತದ ಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪು ಜನಾಂಗದವರಲ್ಲಿ ಶೇ. 11.7. ಎಫ್‌ಡಿಎ 2021ರ ಫೆಬ್ರವರಿಯಲ್ಲಿ ಎಚ್ಚರಿಕೆ ಹೊರಡಿಸಿತು. 2025ರ ಜನವರಿಯಲ್ಲಿ ಪ್ರಕಟಿಸಿದ ಕರಡು ಮಾರ್ಗಸೂಚಿಯಲ್ಲಿ ಪರೀಕ್ಷೆಗೆ 150 ಅಥವಾ ಹೆಚ್ಚು ಜನ ಬೇಕು ಎಂದಿತು. ಅಧ್ಯಯನ ಅಮೆರಿಕದ್ದು ನಿಜ. ಆದರೆ ಮೆಲನಿನ್‌ಗೆ ದೇಶದ ಗಡಿ ಇಲ್ಲ. ಬಿಸಿಲಲ್ಲಿ ದುಡಿಯುವ ನಮ್ಮ ಜನರ ಬೆರಳುಗಳನ್ನು ನೋಡಿ.

ಇಂಥ ತೊಂದರೆಗೆ ಸಿಕ್ಕವರು ನನ್ನ ಕಚೇರಿಗೆ ಬಂದಾಗ ಮೊದಲು ಕೇಳುವುದು, "ಇದು ತಾರತಮ್ಯ ಅಲ್ವಾ ಸಾರ್, ಇದಕ್ಕೆ ಕೇಸು ಇಲ್ವಾ?" ತಾರತಮ್ಯವೇ. ಆದರೆ ಸಂವಿಧಾನದ 15ನೇ ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ, ಕಂಪನಿಯ ವಿನ್ಯಾಸದ ಮೇಲೆ ನೇರವಾಗಿ ಎರಗುವುದಿಲ್ಲ. ವಸ್ತುಗಳ ವಿನ್ಯಾಸದಲ್ಲಿನ ವರ್ಣಭೇದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ನಿಮ್ಮ ಕೈಯಲ್ಲಿರುವ ಅಸ್ತ್ರ ಗ್ರಾಹಕ ಸಂರಕ್ಷಣಾ ಕಾಯಿದೆ, 2019. ಅದರ 84ನೇ ಕಲಂ ಪ್ರಕಾರ ವಿನ್ಯಾಸದಲ್ಲಿ ದೋಷವಿದ್ದರೆ, ಅಥವಾ ಹಾನಿ ತಪ್ಪಿಸಲು ಬೇಕಾದ ಸೂಚನೆ, ಎಚ್ಚರಿಕೆ ಕೊಡದಿದ್ದರೆ ತಯಾರಕ ಹೊಣೆ. ದೂರಿನಲ್ಲಿ ಈ ಎರಡನ್ನೂ ಬರೆಯಿರಿ: ಕಪ್ಪು ಚರ್ಮಕ್ಕೆ ಸರಿಯಾಗಿ ಅಳೆಯದ ವಿನ್ಯಾಸ, ಹಾಗೆಂದು ಎಚ್ಚರಿಸದ ಡಬ್ಬಿ. ಎರಡನೆಯದನ್ನು ಸಾಬೀತು ಮಾಡುವುದು ಸುಲಭ, ಏಕೆಂದರೆ ಡಬ್ಬಿ ನಿಮ್ಮ ಬಳಿಯೇ ಇರುತ್ತದೆ.

ಇರುತ್ತದೆಯೇ? ಜನ ಸೋಲುವುದು ಇಲ್ಲೇ. ಗದ್ದಲ ಮಾಡಿದ ಕೂಡಲೇ ಅಂಗಡಿಯವನು, "ಅಯ್ಯೋ, ಹಳೇ ಪೀಸ್ ಕೊಡಿ ಅಮ್ಮ, ಹೊಸದು ಕೊಡ್ತೀನಿ" ಎನ್ನುತ್ತಾನೆ. ಆನ್‌ಲೈನ್ ಖರೀದಿಯಾದರೆ ಹುಡುಗನೊಬ್ಬ ಬಾಗಿಲಿಗೇ ಬಂದು ಸಾಧನ, ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಒಟಿಪಿ ಕೇಳುತ್ತಾನೆ. ನೀವು ಒಟಿಪಿ ಹೇಳಿದ ಕ್ಷಣದಲ್ಲಿ ಅವರ ದಾಖಲೆಯಲ್ಲಿ ದೂರು "ಇತ್ಯರ್ಥವಾಗಿದೆ". ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ನನ್ನ ಎದುರು ಕೂತು ಬದಲಿ ಕೊಟ್ಟ ಹೊಸ ಆಕ್ಸಿಮೀಟರನ್ನು ಮೇಜಿನ ಮೇಲಿಟ್ಟಾಗ ನನಗೆ ಹೇಳಲು ಏನೂ ಉಳಿದಿರಲಿಲ್ಲ. ಕಾಯಿದೆಯ 38ನೇ ಕಲಂನಂತೆ, ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ಗ್ರಾಹಕ ಆಯೋಗವು ದೂರುದಾರರಿಂದಲೇ ವಸ್ತುವನ್ನು ಪಡೆದು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ನಿಮಗೆ ತಪ್ಪು ಅಂಕಿ ತೋರಿಸಿದ ಸಾಧನ ಕಂಪನಿಯ ಗೋದಾಮು ಸೇರಿದ ಮೇಲೆ ಮೊಹರು ಹಾಕುವುದಾದರೂ ಯಾವುದಕ್ಕೆ?

ಆದ್ದರಿಂದ ಸಾಧನವನ್ನು ಕೊಡಬೇಡಿ. ಸೆಲ್ ತೆಗೆದಿಡಿ, ಸೋರಿ ಒಳಗೆ ತುಕ್ಕು ಹಿಡಿದರೆ ಕಂಪನಿ ಅದನ್ನೇ ನೆಪ ಮಾಡುತ್ತದೆ. ಸ್ಕ್ರೂ ಬಿಚ್ಚಬೇಡಿ, ರಿಪೇರಿಯವನ ಕೈಗೂ ಕೊಡಬೇಡಿ. ವಸ್ತುವನ್ನು ಮಾರ್ಪಡಿಸಿದ್ದಾರೆ ಎಂದು ತೋರಿಸಿದರೆ 87ನೇ ಕಲಂ ಮಾರಾಟಗಾರನನ್ನು ಹೊಣೆಯಿಂದ ಪಾರುಮಾಡುತ್ತದೆ. ಡಬ್ಬಿ, ಒಳಗಿನ ಸೂಚನೆಯ ಚೀಟಿ, ಬಿಲ್ಲು, ಬ್ಯಾಚ್ ಸಂಖ್ಯೆ ಎಲ್ಲವೂ ಒಂದೇ ಕವರಿನಲ್ಲಿರಲಿ. ಆನ್‌ಲೈನ್ ಪುಟದ ಸ್ಕ್ರೀನ್‌ಶಾಟ್ ಕೊಂಡ ದಿನವೇ ತೆಗೆಯಿರಿ. ದೂರು ಹೋದ ಮೇಲೆ "ವೈದ್ಯಕೀಯ ಬಳಕೆಗಲ್ಲ" ಎಂಬ ಸಾಲು ಆ ಪುಟದಲ್ಲಿ ಹೊಸದಾಗಿ ಕಾಣಿಸಿಕೊಳ್ಳಬಹುದು. ಕೊಡಲೇಬೇಕಾದ ಪರಿಸ್ಥಿತಿ ಬಂದರೆ ಸೀರಿಯಲ್ ನಂಬರ್ ಮತ್ತು ನಿಮ್ಮ ದೂರು ಎರಡೂ ಬರೆದಿರುವ, ಸಹಿ ಇರುವ ರಸೀತಿ ಇಲ್ಲದೆ ಕೊಡಬೇಡಿ. "ತೃಪ್ತಿಯಾಗಿದೆ" ಎಂದು ಅಚ್ಚಾದ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನು ಪುರಾವೆ. ನಿಮ್ಮ ಅಂಕಿಯೊಂದೇ ಸಾಲದು. ಆಸ್ಪತ್ರೆಗೆ ಹೋದ ದಿನ ಮಾಡಿದ ರಕ್ತದ ಪರೀಕ್ಷೆಯ, ಅಂದರೆ ಎಬಿಜಿ ವರದಿಯ ಪ್ರತಿ ಕೇಳಿ ಪಡೆಯಿರಿ. ಅದೇ ಹೊತ್ತಿಗೆ ಆಕ್ಸಿಮೀಟರ್ ಏನು ತೋರಿಸಿತು ಎಂಬುದನ್ನು ಫೋಟೊದಲ್ಲಿ ಹಿಡಿದಿಡಿ. ಬೆರಳು ತಣ್ಣಗಿದ್ದರೂ, ಉಗುರಿಗೆ ಪಾಲಿಶ್ ಇದ್ದರೂ ಅಂಕಿ ತಪ್ಪಬಹುದು, ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೂ ಅದೇ. ಗೋರಂಟಿ ಹಚ್ಚಿದ ಬೆರಳಿನ ಫೋಟೊ ಕೊಟ್ಟರೆ ಅಡ್ಡ ಪ್ರಶ್ನೆಗೆ ನೀವೇ ಬಾಗಿಲು ತೆರೆದಂತೆ. ತಪ್ಪು ಅಂಕಿಯಿಂದಲೇ ಚಿಕಿತ್ಸೆ ತಡವಾಯಿತು ಎಂದು ತೋರಿಸಲು ವೈದ್ಯರ ಅಭಿಪ್ರಾಯ ಬೇಕು. ಇದು ಪ್ರಕರಣದ ಅತಿ ಕಠಿಣ ಭಾಗ, ಸುಲಭವೆಂದು ಯಾರಾದರೂ ಹೇಳಿದರೆ ನಂಬಬೇಡಿ. ದೇಹಕ್ಕೆ, ಜೀವಕ್ಕೆ ಹಾನಿಯಾಗಿಲ್ಲ, ಸಾಧನವಷ್ಟೇ ತಪ್ಪು ತೋರಿಸುತ್ತಿದೆ ಎನ್ನುವವರು 84ನೇ ಕಲಂನ ಹೊಣೆಗಾರಿಕೆಯ ಪರಿಹಾರ ಕೇಳುವಂತಿಲ್ಲ. ದೋಷಪೂರಿತ ವಸ್ತುವಿನ ದೂರು ಕೊಟ್ಟು ಹಣ ವಾಪಸ್ ಕೇಳಬಹುದು.

ಬಿಲ್ಲಿನಲ್ಲಿ ಮಗನ ಹೆಸರಿದೆ, ಬಳಸಿದ್ದು ತಾಯಿ ಎಂದರೆ ಹೆದರಬೇಕಿಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ. ಉಚಿತವಾಗಿ ಕೊಟ್ಟ ಸಾಧನಕ್ಕೆ ಮಾತ್ರ ಈ ದಾರಿ ಸಾಮಾನ್ಯವಾಗಿ ಮುಚ್ಚಿದೆ. ತಯಾರಕ ಯಾರೆಂದೇ ತಿಳಿಯದ, ಹೆಸರಿಲ್ಲದ ವಿದೇಶಿ ಮಾಲಾದರೆ 86ನೇ ಕಲಂನಂತೆ ಮಾರಿದವನೇ ಉತ್ತರಿಸಬೇಕು. "ನಾವು ಬರೀ ಮಾರೋರು" ಎಂಬ ಅಂಗಡಿಯವನ ಮಾತು ಅಲ್ಲಿ ನಡೆಯುವುದಿಲ್ಲ.

ದೂರು ಕೊಡಬೇಕಾದದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಶುಲ್ಕದ ಬಗ್ಗೆ ಕಚೇರಿಯ ಹೊರಗೆ ಕುಳಿತ ಏಜೆಂಟರು ಹೇಳುವುದು ಹಸಿ ಸುಳ್ಳು. ಕೇಳುವ ಪರಿಹಾರದ ಮೇಲೆ ಇಂತಿಷ್ಟು ಪರ್ಸೆಂಟ್ ಕಟ್ಟಬೇಕೆಂದು ಬಡವರ ಕೈಯಿಂದ ಸಾವಿರಗಟ್ಟಲೆ ಕೀಳುತ್ತಾರೆ. ಶುಲ್ಕದ ಲೆಕ್ಕ ವಸ್ತುವಿಗೆ ನೀವು ಕೊಟ್ಟ ಬೆಲೆಯ ಮೇಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 1,500 ರೂಪಾಯಿಯ ಆಕ್ಸಿಮೀಟರಿಗೆ ಎಷ್ಟೇ ಪರಿಹಾರ ಕೇಳಿದರೂ ಆಯೋಗಕ್ಕೆ ಕಟ್ಟುವ ಶುಲ್ಕ ಸೊನ್ನೆ. ಪ್ರಯೋಗಾಲಯದ ವೆಚ್ಚವನ್ನು ಮಾತ್ರ ಮೊದಲು ದೂರುದಾರರೇ ಠೇವಣಿ ಇಡಬೇಕಾಗುತ್ತದೆ.

ಗಡುವು ಎರಡು ವರ್ಷ. 1915 ಸಹಾಯವಾಣಿಗೆ ಕರೆ ಮಾಡಿ, ಒಳ್ಳೆಯದೇ. ಆದರೆ ಅಲ್ಲಿನದು ರಾಜಿಯ ಪ್ರಯತ್ನ, ಆ ಕರೆಯಿಂದ ಗಡುವು ನಿಲ್ಲುವುದಿಲ್ಲ. ಕಂಪನಿಗೆ ಇಮೇಲ್ ಮೇಲೆ ಇಮೇಲ್ ಬರೆಯುತ್ತಾ ಎರಡು ವರ್ಷ ದಾಟಿಸಿದವರನ್ನು ನೋಡಿದ್ದೇನೆ. ತಡಕ್ಕೆ ಸಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಕಾಗದದಲ್ಲಿ ಮೂರು ತಿಂಗಳು, ವಸ್ತು ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಪು ಎಂದಿದೆ. ವಾಸ್ತವ ಬೇರೆ. ಪುರುಷರ ಫೇರ್‌ನೆಸ್ ಕ್ರೀಮಿನ ಜಾಹೀರಾತಿನ ವಿರುದ್ಧ 2013ರಲ್ಲಿ ದಾಖಲಾದ ದೂರಿಗೆ ದೆಹಲಿಯ ಜಿಲ್ಲಾ ಆಯೋಗ ಕಂಪನಿಗೆ 14.5 ಲಕ್ಷ ದಂಡನಾತ್ಮಕ ಪರಿಹಾರ ವಿಧಿಸಿದ ಆದೇಶ ಬಂದದ್ದು 2024ರ ಡಿಸೆಂಬರಿನಲ್ಲಿ. ಕ್ರೀಮಿನ ಬೆಲೆ 79 ರೂಪಾಯಿ. ಬಣ್ಣದ ಕೀಳರಿಮೆಯನ್ನು ಮಾರಿದ ಕಂಪನಿಯ ಬೆನ್ನನ್ನು ಅಷ್ಟು ವರ್ಷ ಬಿಡದ ಆ ಗ್ರಾಹಕನ ಬಗ್ಗೆ ನನಗೆ ಅಪಾರ ಗೌರವ.

ಪ್ರಕರಣ ಹಾಕುವಷ್ಟು ಪುರಾವೆ ಇಲ್ಲದವರೂ ಸುಮ್ಮನಿರಬೇಡಿ. ವೈದ್ಯಕೀಯ ಸಾಧನದಿಂದಾದ ತೊಂದರೆಯನ್ನು 1800-180-3024ಕ್ಕೆ ತಿಳಿಸಬಹುದು. ಇದು ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯ ಆಯೋಗದ ಉಚಿತ ಸಂಖ್ಯೆ. ಡಬ್ಬಿಯ ಮೇಲೆ ತಯಾರಿಕೆ ಅಥವಾ ಆಮದು ಪರವಾನಗಿಯ ಸಂಖ್ಯೆ ಇಲ್ಲದಿದ್ದರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಡಿ. "ನಮ್ಮ ವ್ಯಾಪ್ತಿಗೆ ಬರಲ್ಲ, ತೂಕ ಅಳತೆಯವರ ಹತ್ರ ಹೋಗಿ" ಎಂದು ಅಟ್ಟುವ ಅಧಿಕಾರಿ ಸಿಗಬಹುದು. ಸಂಬಳ ಪಡೆದು ಜನರನ್ನು ಕಚೇರಿಯಿಂದ ಕಚೇರಿಗೆ ಅಲೆಸುವುದು ನಾಚಿಕೆಗೇಡು. ವಾದ ಮಾಡುತ್ತಾ ನಿಲ್ಲಬೇಡಿ. ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ, ಸೀಲು ಇರುವ ಸ್ವೀಕೃತಿ ಪಡೆಯಿರಿ. ಅದಕ್ಕೂ ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಕಳಿಸಿ, ರಸೀತಿಯನ್ನು ಡಬ್ಬಿ, ಬಿಲ್ಲು ಇಟ್ಟ ಕವರಿನೊಳಗೇ ಇಡಿ.