ಗುಡ್ಡಕ್ಕೆ ಬೈಕ್ ಏರಿಸುವವರಿಗೆ ಕೆಲವು ಮಾತು

ಅಮೆರಿಕದ ಹಿಲ್‌ಕ್ಲೈಂಬ್ ವಿಡಿಯೊ ನೋಡಿದ ಬೆಳಗಾವಿಯ ಕಾಕತಿ, ಖಾನಾಪುರ ಕಡೆಯ ಹುಡುಗರು ‘ಅಣ್ಣಾ, ನಮಗೂ ಕಲಿಸ್ರಿ’ ಅಂತ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು.

1. ಮೊದಲು ಅರ್ಧಕ್ಕೆ ನಿಂತ ಗಾಡಿಯನ್ನು ಇಳಿಸಲು ಕಲಿಯಿರಿ. ಏರಿನಲ್ಲಿ ಎಂಜಿನ್ ಬಂದ್ ಬಿದ್ದರೆ ಹೊಸಬರ ಕೈ ಮುಂದಿನ ಬ್ರೇಕಿಗೆ ಹೋಗುತ್ತದೆ. ಆದರೆ ಭಾರವೆಲ್ಲ ಆಗ ಹಿಂದಿನ ಗಾಲಿಯ ಮೇಲೆ. ಮುಂದಿನದು ಲಾಕ್ ಆಗಿಯೂ ಗರಸಿನಲ್ಲಿ ಜಾರುತ್ತ ಗಾಡಿ ಹಿಂದಕ್ಕೆ ಬರುತ್ತದೆ. ಗೇರಿನಲ್ಲಿಟ್ಟೇ ಕ್ಲಚ್ ಬಿಡಿ. ಬಂದಾದ ಎಂಜಿನ್ನೇ ಹಿಂದಿನ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಗಾಡಿಯನ್ನು ಗುಡ್ಡದ ಕಡೆಗೆ ವಾಲಿಸಿ, ಮೇಲಿನ ಬದಿಗೇ ಇಳಿಯಿರಿ. ಕೆಳಬದಿಯಲ್ಲಿ ನಿಂತರೆ ಅದು ನಿಮ್ಮ ಮೇಲೆಯೇ ಬೀಳುತ್ತದೆ. ಆಮೇಲೆ ಮಲಗಿಸಿ, ಮುಂದಿನ ಗಾಲಿಯನ್ನು ಎಳೆದು ಇಳಿಜಾರಿಗೆ ತಿರುಗಿಸಿ. ಸಣ್ಣ ದಿಬ್ಬದ ಮೇಲೆ ಬೇಕೆಂದೇ ಎಂಜಿನ್ ಆರಿಸಿ ಇದನ್ನು ರೂಢಿಸಿಕೊಳ್ಳಿ. ಇದು ಕೈಗೆ ಬರುವವರೆಗೆ ದೊಡ್ಡ ಏರಿನ ಹತ್ತಿರ ನಾನು ಯಾರನ್ನೂ ಬಿಡುವುದಿಲ್ಲ.

2. ಏರನ್ನು ಕಾಲ್ನಡಿಗೆಯಲ್ಲಿ ನೋಡಿ. ಎಲ್ಲಿ ಗಟ್ಟಿ ಜಂಬಿಟ್ಟಿಗೆ, ಎಲ್ಲಿ ಸಡಿಲ ಗರಸು, ಎಲ್ಲಿ ಮಳೆ ಕೊರೆದ ಕೊರಕಲು ಅನ್ನುವುದು ಕೆಳಗಿನಿಂದ ಕಾಣುವುದಿಲ್ಲ.

3. ವೇಗವನ್ನು ಬುಡದಲ್ಲೇ ಗಳಿಸಿಕೊಳ್ಳಿ. ಎದ್ದು ನಿಂತು, ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ. ಎಕ್ಸಲರೇಟರ್ ಒಂದೇ ಸಮ ಇರಲಿ. ನಡುವೆ ಜೋರಾಗಿ ತಿರುವಿದರೆ ಮುಂಗಾಲಿ ಎದ್ದು ಗಾಡಿ ಬೆನ್ನ ಮೇಲೆ ಮಗುಚುತ್ತದೆ.

4. ದುಡ್ಡಿದ್ದರೆ ಮೊದಲು ಹೆಲ್ಮೆಟ್, ಬೂಟು, ಮೊಣಕಾಲು ಮತ್ತು ಎದೆಯ ಗಾರ್ಡ್. ಆಮೇಲೆ ಗುಬಟಿನ ಟೈರು, ಎರಡು ಮೂರು ಹಲ್ಲು ಹೆಚ್ಚಿರುವ ಹಿಂದಿನ ಸ್ಪ್ರಾಕೆಟ್, ಬಿದ್ದ ಕೂಡಲೇ ಎಂಜಿನ್ ಆರಿಸುವ, ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್. ಅಮೆರಿಕದವರಂತೆ ಹಿಂದಿನ ಗಾಲಿ ಹಿಡಿಯುವ ಉದ್ದನೆಯ ಸ್ವಿಂಗ್ ಆರ್ಮ್ ಬೇಕೆಂದು ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ. ಬೆಸುಗೆ ಬಿಡುವುದು ಏರಿನ ನಡುವೆಯೇ.

5. ಕಾಕತಿಯ ಕೋಟೆಗುಡ್ಡ ರಾಣಿ ಚೆನ್ನಮ್ಮನ ಹುಟ್ಟೂರಿನ ಸೊತ್ತು, ಅದರ ಮೇಲೆ ಗಾಡಿ ಬೇಡ. ಖಾನಾಪುರದ ಭೀಮಗಡ 2011ರಿಂದ ವನ್ಯಧಾಮ, ಅಲ್ಲಿಯೂ ಬೇಡ. ಚೋರ್ಲಾ ಘಾಟಿನಲ್ಲಿ ಗೋವೆಯ ವಾಹನಗಳು ಎದುರಿಗೆ ಬರುತ್ತಿರುತ್ತವೆ. ತೆರೆದ ರಸ್ತೆಯಲ್ಲಿ ಗುಡ್ಡ ಏರಿಸುವುದೇ ಬೇಡ. 1916ರಲ್ಲಿ ಶುರುವಾದ, ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಏರುವ ಸ್ಪರ್ಧೆಗೆ ರಸ್ತೆಯನ್ನೇ ಮುಚ್ಚುತ್ತಾರೆ. ಅಲ್ಲಿಯೂ ಹಲವು ಬಾರಿ ಗೆದ್ದಿದ್ದ ಬೈಕ್ ಸವಾರ ಕಾರ್ಲಿನ್ ಡನ್ 2019ರಲ್ಲಿ ಗುರಿಯ ಹತ್ತಿರವೇ ಬಿದ್ದು ತೀರಿಕೊಂಡರು. ಆಮೇಲೆ ಅಲ್ಲಿ ಬೈಕ್ ವಿಭಾಗವನ್ನೇ ನಿಲ್ಲಿಸಿಬಿಟ್ಟರು. ಪರಿಚಯದ ರೈತರನ್ನು ಕೇಳಿ, ಬೆಳೆಯಿಲ್ಲದ ಅವರ ದಿಬ್ಬದಲ್ಲಿ ಓಡಿಸಿ. ಒಬ್ಬರೇ ಎಂದೂ ಹೋಗಬೇಡಿ.

6. ಸ್ಪರ್ಧೆಯ ಆಸೆ ಇದ್ದರೆ ಡರ್ಟ್ ಟ್ರ್ಯಾಕ್, ರ‍್ಯಾಲಿಗಳಿಂದ ಆರಂಭಿಸಿ; ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಮಾಡಿಸಿ. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೊಕ್ರಾಸ್‌ನಲ್ಲಿ ಪಳಗಿ, 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಕಚ್ಚಾ ದಾರಿಯ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ನನ್ನ ಹತ್ತಿರ ಬರುವ ಹುಡುಗರಿಗೆ ಹೇಳುತ್ತಿರುತ್ತೇನೆ, ತಂಗಿಯರನ್ನೂ ಕರ್ಕೊಂಡು ಬರ್ರಿ.