ವೇಗ ಒಂದೇ ಇದ್ದರೆ ಸಾಲದು, ಗಳಿಗೆಯೂ ಕೂಡಿಬರಬೇಕು

ಅರಸೀಕೆರೆ, ಬೇಲೂರು, ಹಳೇಬೀಡಿನ ಲೀಸ್ಡ್ ಲೈನ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಬೇಲೂರು ಮತ್ತು ಹಳೇಬೀಡಿನ ಕಚೇರಿಗಳ ರೌಟರ್‌ಗಳು ಅರಸೀಕೆರೆಯ ರೌಟರ್‌ಗೆ ಸೇರುತ್ತಿದ್ದವು. ಲೈನು ಸೆಕೆಂಡಿಗೆ 64 ಕಿಲೋಬಿಟ್ ಇದ್ದಷ್ಟು ಕಾಲ ತಕರಾರಿರಲಿಲ್ಲ. 2 ಮೆಗಾಬಿಟ್‌ಗೆ ಏರಿಸಿದ್ದೇ ತಡ, ಬೇಲೂರಿನಿಂದ ಬರುವ ಪ್ಯಾಕೆಟ್‌ಗಳು ಕೆಡತೊಡಗಿದವು. ಅರಸೀಕೆರೆಯಲ್ಲಿ ಸಿಆರ್‌ಸಿ ಎರರ್ ಏರುತ್ತಲೇ ಹೋಯಿತು. ಬೇಲೂರಿಗೆ ಹೋಗುವ ಪ್ಯಾಕೆಟ್‌ಗಳು ಮಾತ್ರ ಸರಿಯಾಗಿಯೇ ತಲುಪುತ್ತಿದ್ದವು. ಅದೇ ಮಾದರಿಯ ಮೋಡೆಮ್, ರೌಟರ್ ಇದ್ದ ಹಳೇಬೀಡಿನಲ್ಲಿ ಏನೂ ತೊಂದರೆಯಿಲ್ಲ.

ಎಲ್ಲರ ಅನುಮಾನ ತಾಮ್ರದ ಲೈನಿನ ಮೇಲೆ. ಬೇಲೂರಿನ ಮೋಡೆಮ್‌ನಲ್ಲಿ ಲೂಪ್ ಹಾಕಿ ಅರಸೀಕೆರೆಯಿಂದ ಪರೀಕ್ಷಿಸಿದರೆ ಒಂದೂ ಎರರ್ ಇಲ್ಲ. ಅಲ್ಲಿಗೆ ದೋಷ ಮೋಡೆಮ್‌ಗೂ ರೌಟರ್‌ಗೂ ನಡುವೆಯೇ ಇರಬೇಕು ಎಂದಾಯಿತು. ಹಳೇಬೀಡಿನಲ್ಲಿ ಎರಡೂ ಒಂದೇ ರ‍್ಯಾಕಿನಲ್ಲಿದ್ದವು. ಬೇಲೂರಿನಲ್ಲಿ ಮೋಡೆಮ್ ನೆಲಮಹಡಿಯಲ್ಲಿ, ರೌಟರ್ ಮೇಲ್ಮಹಡಿಯಲ್ಲಿ. ನಡುವೆ 15 ಮೀಟರ್ ಉದ್ದದ ವಿ.35 ಕೇಬಲ್.

ಇಲ್ಲಿ ಕ್ಲಾಕ್ ಕೊಡುವುದು ಮೋಡೆಮ್. ರೌಟರ್‌ಗೆ ಬರುವ ಡೇಟಾ ತನ್ನ ಕ್ಲಾಕ್ ಜೊತೆಗೇ ಬರುತ್ತದೆ. ಕೇಬಲ್ ಎಷ್ಟು ತಡಮಾಡಿದರೂ ಎರಡಕ್ಕೂ ಒಂದೇ ತಡ. ಹೋಗುವ ಡೇಟಾ ಹಾಗಲ್ಲ. ಮೊದಲು ಮೋಡೆಮ್‌ನ ಕ್ಲಾಕ್ ಮೇಲೆ ಹೋಗಬೇಕು, ಅದನ್ನು ಕಂಡು ರೌಟರ್‌ನ ಸೀರಿಯಲ್ ಚಿಪ್ ಬಿಟ್ ಕಳಿಸಬೇಕು, ಆ ಬಿಟ್ ಕೆಳಗೆ ಬರಬೇಕು. ಮೋಡೆಮ್ ಮಾತ್ರ ತನ್ನ ಗಳಿಗೆಗೆ ಸರಿಯಾಗಿ ಓದುತ್ತದೆ, ಕಾಯುವುದಿಲ್ಲ.

64 ಕಿಲೋಬಿಟ್‌ನಲ್ಲಿ ಒಂದು ಬಿಟ್ ಸುಮಾರು 15.6 ಮೈಕ್ರೊಸೆಕೆಂಡ್ ಇರುತ್ತದೆ, 2.048 ಮೆಗಾಬಿಟ್‌ನಲ್ಲಿ 488 ನ್ಯಾನೊಸೆಕೆಂಡ್ ಅಷ್ಟೇ. ಓದುವುದು ಬಿಟ್‌ನ ನಡುಮಧ್ಯೆ, ಅಂದರೆ 244 ನ್ಯಾನೊಸೆಕೆಂಡಿಗೆ. ಕೇಬಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ತಿನ್ನುತ್ತದೆ, ಹೋಗಿಬರಲು 150. ಉಳಿದದ್ದನ್ನು ಎರಡೂ ಕಡೆಯ ಚಿಪ್‌ಗಳು ನುಂಗಿದ್ದವು. ಮೋಡೆಮ್‌ನ ಕನೆಕ್ಟರಿಗೆ ಆಸಿಲೋಸ್ಕೋಪಿನ ಎರಡು ಪ್ರೋಬ್ ಹಿಡಿದಾಗ ಕಣ್ಣಿಗೇ ಕಂಡಿತು: ಡೇಟಾ ಬದಲಾಗುವ ಅಂಚು, ಮೋಡೆಮ್ ಓದುವ ಅಂಚಿನ ನೆತ್ತಿಯ ಮೇಲೇ ಕೂತಿತ್ತು.

ಮೋಡೆಮ್ ಕೊಟ್ಟ ಕ್ಲಾಕನ್ನು ಡೇಟಾ ಜೊತೆಗೇ ರೌಟರ್ ಹಿಂದಿರುಗಿಸುವಂತೆ, ಮೋಡೆಮ್ ಅದನ್ನೇ ನೋಡಿ ಓದುವಂತೆ ಟರ್ಮಿನಲ್ ಟೈಮಿಂಗ್‌ಗೆ ಬದಲಿಸಿದೆವು. ಎರರ್ ನಿಂತಿತು. ಕ್ಲಾಕ್ ತಿರುಗುಮುರುಗು ಮಾಡುವ ದಾರಿಯೂ ಇದೆ. ಅದರಿಂದ ಓದುವ ಗಳಿಗೆ ಅರ್ಧ ಬಿಟ್ ಸರಿಯುತ್ತದೆ. ಆದರೆ ಬೇಲೂರಿನ ಉದ್ದ ಕೇಬಲ್‌ಗೆ ಒಗ್ಗುವ ಈ ಮದ್ದು ಹಳೇಬೀಡಿನ ಗಿಡ್ಡ ಕೇಬಲ್‌ನಲ್ಲಿ ಚೆನ್ನಾಗಿರುವುದನ್ನೂ ಕೆಡಿಸಬಹುದು. ಆದ್ದರಿಂದ ಒಂದು ಊರಿನ ಸೆಟ್ಟಿಂಗನ್ನು ಇನ್ನೊಂದಕ್ಕೆ ಹಾಗೇ ಇಳಿಸಬಾರದು.

ಇಂದಿನ ಗಿಗಾಬಿಟ್ ಈಥರ್ನೆಟ್ ಬೋರ್ಡಿನಲ್ಲೂ ಇದೇ ಲೆಕ್ಕ. ಅಲ್ಲಿನ ಆರ್‌ಜಿಎಂಐಐ ತಂತಿಗಳಲ್ಲಿ ಒಂದು ಬಿಟ್ 4 ನ್ಯಾನೊಸೆಕೆಂಡ್. ಕ್ಲಾಕನ್ನು ಸುಮಾರು 2 ನ್ಯಾನೊಸೆಕೆಂಡ್ ಬೇಕೆಂದೇ ತಡಮಾಡಬೇಕು. ಒಂದೇ ದಿಕ್ಕಿನಲ್ಲಿ ಎರರ್ ಬಂದರೆ ಲೈನನ್ನು ದೂರುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಕ್ಲಾಕ್ ಯಾರದು? ಅದು ಡೇಟಾ ಜೊತೆಗೇ ಬರುತ್ತಿದೆಯೇ?