ಮೂರು ವಾರಕ್ಕೇ ಜಿಮ್ ಯಾಕೆ ಬಿಟ್ಟುಹೋಗುತ್ತದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ, ವಯಸ್ಸು 42. ಜಿಮ್‌ಗೆ ವರ್ಷದ ಹಣ ಕಟ್ಟಿದ್ದೇನೆ. ಸಂಜೆ ಶಾಲೆ ಮುಗಿಸಿ, ಮನೆಗೆ ಬಂದು, ಆಮೇಲೆ ಹೋಗುತ್ತೇನೆ. ಪ್ರತಿ ಸಲವೂ ಮೂರು ವಾರ ಚೆನ್ನಾಗಿ ನಡೆಯುತ್ತದೆ. ಅಷ್ಟರಲ್ಲಿ ಪರೀಕ್ಷೆ ಡ್ಯೂಟಿಯೋ, ಮನೆಯಲ್ಲಿ ಯಾರಿಗೋ ಜ್ವರವೋ, ನೆಂಟರ ಮದುವೆಯೋ ಬಂದು ನಾಲ್ಕು ದಿನ ತಪ್ಪುತ್ತದೆ. ಅಲ್ಲಿಗೆ ಮುಗಿಯಿತು, ಮತ್ತೆ ಹೋಗಲು ಮನಸ್ಸೇ ಬರುವುದಿಲ್ಲ. ನಮ್ಮ ಯಜಮಾನರು ‘ಮನಸ್ಸು ಗಟ್ಟಿ ಮಾಡ್ಕೋಬೇಕು ಅಷ್ಟೇ’ ಅನ್ನುತ್ತಾರೆ. 21 ದಿನ ಬಿಡದೆ ಮಾಡಿದರೆ ಯಾವುದೇ ಅಭ್ಯಾಸ ಕೂಡಿಬರುತ್ತದಂತೆ, ನಿಜವೇ? ನನ್ನಲ್ಲಿ ಮನೋಬಲವೇ ಕಡಿಮೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು 21 ದಿನದ ಮಾತು ನೋಡೋಣ. ನಿಮ್ಮನ್ನು ಹೆಚ್ಚು ಕುಗ್ಗಿಸಿರುವುದು ಅದೇ ಎಂದು ನನಗನ್ನಿಸುತ್ತದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಿಹೋಗಲು ಏನಿಲ್ಲವೆಂದರೂ 21 ದಿನ ಬೇಕು ಎಂದು ತಾವು ಕಂಡದ್ದನ್ನು ಅದರಲ್ಲಿ ಹೇಳಿದ್ದರು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ‘ಏನಿಲ್ಲವೆಂದರೂ’ ಅನ್ನುವುದು ಉದುರಿತು, ಮುಖದ ಸಂಗತಿಯೂ ಮರೆತುಹೋಯಿತು. ಎಂಥ ಅಭ್ಯಾಸಕ್ಕೂ 21 ದಿನ ಸಾಕು ಎಂಬ ನಂಬಿಕೆ ಮಾತ್ರ ಉಳಿದುಕೊಂಡಿತು.

ಅಭ್ಯಾಸ ಎಷ್ಟು ದಿನಕ್ಕೆ ಮೈಗೂಡುತ್ತದೆ ಎಂದು ನಿಜಕ್ಕೂ ಅಳೆದು ನೋಡಿದವರು ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಈ ತಂಡ 96 ಜನರನ್ನು 12 ವಾರ ಗಮನಿಸಿತು. ಒಬ್ಬೊಬ್ಬರೂ ಒಂದೊಂದು ಹೊಸ ಕೆಲಸ ಆರಿಸಿಕೊಂಡರು: ಊಟದ ಜೊತೆ ಒಂದು ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಮಾಡುವುದು, ಹೀಗೆ. ಯೋಚಿಸದೆಯೇ ಆ ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರಿಗೆ 12 ವಾರ ಸಾಲಲಿಲ್ಲ, ಅವರ ಪ್ರಗತಿ ನೋಡಿ ಹಾಕಿದ ಅಂದಾಜು 254 ದಿನಗಳವರೆಗೂ ಹೋಯಿತು. ನಡುವಿನ ಅಂಕಿ 66. ನೀರು ಕುಡಿಯುವಂಥ ಸಣ್ಣ ಕೆಲಸಕ್ಕಿಂತ ವ್ಯಾಯಾಮ ಮೈಗೂಡಲು ಹೆಚ್ಚು ಕಾಲ ಹಿಡಿಯಿತು. ನಿಮ್ಮ ಮಟ್ಟಿಗೆ ಇನ್ನೂ ಮುಖ್ಯವಾದದ್ದು, ಮಧ್ಯೆ ಒಂದು ದಿನ ತಪ್ಪಿದರೂ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಅಂದರೆ ನೀವು ಮೂರನೇ ವಾರದಲ್ಲಿ ಸೋತೆ ಅಂದುಕೊಳ್ಳುವಾಗ ಕೆಲಸ ಆಗಷ್ಟೇ ಶುರುವಾಗಿರುತ್ತದೆ.

ಇನ್ನು ಮನೋಬಲ. ನಿಮ್ಮ ದಿನ ಹೇಗಿರುತ್ತದೆ ಎಂದು ಊಹಿಸಬಲ್ಲೆ. ಬೆಳಿಗ್ಗೆಯಿಂದ ಪಿರಿಯಡ್ ಮೇಲೆ ಪಿರಿಯಡ್, ಬಿಡುವಿದ್ದರೆ ನೋಟ್‌ಬುಕ್ ತಿದ್ದುವುದು, ಮಧ್ಯೆ ಬಿಸಿಯೂಟದ ಲೆಕ್ಕ, ಸಂಜೆ ಪೋಷಕರ ಫೋನ್. ಅಷ್ಟಾದ ಮೇಲೆ ಜಿಮ್. ಇಂಥ ಹೊತ್ತಿನಲ್ಲಿ ಮೈಗೆ ಏನಾಗುತ್ತದೆ ಎಂದು ಸ್ಯಾಮುಯೆಲ್ ಮಾರ್ಕೋರಾ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿ, 2009ರಲ್ಲಿ ಪ್ರಕಟಿಸಿದರು. 16 ಜನರಿಗೆ ಒಂದು ದಿನ 90 ನಿಮಿಷ ಕಂಪ್ಯೂಟರಿನ ಮುಂದೆ ಎಡೆಬಿಡದೆ ಗಮನ ಬೇಡುವ ಕೆಲಸ ಕೊಟ್ಟರು. ಇನ್ನೊಂದು ದಿನ ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸೈಕಲ್ ಯಂತ್ರದ ಮೇಲೆ ಕೂರಿಸಿ, ಆಗುವಷ್ಟು ಹೊತ್ತು ತುಳಿಯಲು ಹೇಳಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 12 ನಿಮಿಷ 34 ಸೆಕೆಂಡ್ ತುಳಿದವರು, ತಲೆ ದಣಿದ ದಿನ 10 ನಿಮಿಷ 40 ಸೆಕೆಂಡಿಗೇ ಕೈಚೆಲ್ಲಿದರು. ಹೃದಯದ ಬಡಿತ, ರಕ್ತದ ಲ್ಯಾಕ್ಟೇಟ್ ಎಲ್ಲವನ್ನೂ ಪರೀಕ್ಷಿಸಿದರು. ಅವರು ಬೇಗ ನಿಲ್ಲಿಸಿದ್ದಕ್ಕೆ ಮೈಯಲ್ಲಿ ಕಾರಣ ಸಿಗಲಿಲ್ಲ. ಬೇರೆಯಾಗಿದ್ದದ್ದು ಒಂದೇ: ಅದೇ ಕೆಲಸ ತಲೆ ದಣಿದವರಿಗೆ ಹೆಚ್ಚು ಕಷ್ಟ ಎನಿಸುತ್ತಿತ್ತು.

ಸಂಜೆ ಐದೂವರೆಗೆ ನಿಮಗೆ ಏಳಲಾಗದಷ್ಟು ಸುಸ್ತೆನಿಸಿದರೆ ಅದು ಸೋಮಾರಿತನವಲ್ಲ, ಕಳ್ಳ ನೆಪವೂ ಅಲ್ಲ. ದಿನವಿಡೀ ಮಿದುಳು ದುಡಿದದ್ದರ ಫಲ. ಆದರೆ ಕಾಲಿನಲ್ಲಿ ಶಕ್ತಿ ಇನ್ನೂ ಇದೆ ಎನ್ನುವುದನ್ನೂ ಇದೇ ಪ್ರಯೋಗ ಹೇಳುತ್ತದೆ. ಹೀಗಾಗಿ ಅಂಥ ಸಂಜೆ ಬಿಟ್ಟುಬಿಡುವ ಬದಲು ಭಾರ ಇಳಿಸಿ, ಹೊತ್ತು ಕಡಿಮೆ ಮಾಡಿ, ಆದರೆ ಹೋಗಿಬನ್ನಿ. ಮನೆಗೆ ಬಂದು ಕೂತು ಎದ್ದು ಹೋಗುವ ಪದ್ಧತಿಯನ್ನಂತೂ ಇವತ್ತೇ ಕೈಬಿಡಿ. ಬಟ್ಟೆ, ಬೂಟು ಬ್ಯಾಗಿನಲ್ಲಿಟ್ಟುಕೊಂಡು ಶಾಲೆಯಿಂದ ನೇರವಾಗಿ ಹೋಗಿ.

ಸುಸ್ತಿನ ಮಾತು ಬಂದದ್ದರಿಂದ ಒಂದು ವಿಷಯ ಗಟ್ಟಿಯಾಗಿ ಹೇಳಬೇಕಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅರ್ಧಕ್ಕಿಂತ ಹೆಚ್ಚು! ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನವೇ ತೂಕಡಿಕೆ, ಮುಟ್ಟಿನ ದಿನಗಳಲ್ಲಿ ಅತಿಯಾದ ಸ್ರಾವ ಇದ್ದರೆ ಮನಸ್ಸಿನ ಮೇಲೆ ತಪ್ಪು ಹೊರಿಸುವ ಮುಂಚೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಕೂಡ ನೋಡಿಸಿ. ಜಿಮ್ ಅಷ್ಟೇ ಅಲ್ಲದೆ ಇಷ್ಟದ ಯಾವ ಕೆಲಸದಲ್ಲೂ ವಾರಗಟ್ಟಲೆ ಆಸಕ್ತಿ ಇಲ್ಲದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ರಕ್ತ ಕಡಿಮೆಯಿರುವ ಹೆಣ್ಣುಮಗಳಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳುವುದು ಅನ್ಯಾಯ.

ವರದಿಯೆಲ್ಲ ಸರಿ ಇದೆ ಎಂದಾದರೆ ಮನಸ್ಸಿನ ಕಡೆ ಬರೋಣ. ಮನಸ್ಸಿನಲ್ಲಿ ಹುಮ್ಮಸ್ಸು ತುಂಬಿಕೊಂಡರೆ ಕಾಲು ತಾನಾಗಿ ನಡೆಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಬ್ರಿಟನ್ನಿನಲ್ಲಿ ಸಾರಾ ಮಿಲ್ನ್, ಶೀನಾ ಆರ್ಬೆಲ್, ಪಾಸ್ಕಲ್ ಶೀರನ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸುತ್ತದೆ. ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಇನ್ನೊಂದಕ್ಕೆ ವ್ಯಾಯಾಮದಿಂದ ಹೃದಯಕ್ಕೆ ಆಗುವ ಒಳಿತನ್ನೆಲ್ಲ ಮನಮುಟ್ಟುವಂತೆ ತಿಳಿಸಿದರು. ಮೂರನೆಯದಕ್ಕೆ ಅದನ್ನೂ ತಿಳಿಸಿ, ಜೊತೆಗೆ ‘ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ಮಾಡುತ್ತೇನೆ’ ಎಂದು ಬರೆಸಿದರು. ಆ ವಾರ ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 38, ಎರಡನೆಯದರಲ್ಲಿ 35, ಮೂರನೆಯದರಲ್ಲಿ 91. ಹುರಿದುಂಬಿಸುವ ಮಾತಷ್ಟರಿಂದ ಕೆಲಸ ಆಗಲಿಲ್ಲ. ದಿನ, ಗಂಟೆ, ಜಾಗ ಬರೆದಿಟ್ಟದ್ದರಿಂದ ಆಯಿತು. ಒಂದು ವಾರದ ಪ್ರಯೋಗ ಇದು, ಜೀವನಪೂರ್ತಿಯ ಗ್ಯಾರಂಟಿ ಅಲ್ಲ. ಆದರೂ ದಾರಿ ಯಾವ ಕಡೆಗೆ ಎನ್ನುವುದನ್ನು ತೋರಿಸುತ್ತದೆ.

ಹೊತ್ತು, ಜಾಗ ಮೊದಲೇ ಗೊತ್ತುಮಾಡುವುದನ್ನು ನಮ್ಮ ಗರಡಿಮನೆಗಳು ಯಾವತ್ತಿನಿಂದಲೂ ಮಾಡಿಕೊಂಡು ಬಂದಿವೆ. ದಾವಣಗೆರೆಯವರಾದ ನಿಮಗೆ ಗರಡಿ ಹೊಸದಲ್ಲ. ನಸುಕಿಗೆ ಒಳಗೆ ಬಂದ ಹುಡುಗ ದೇವರಿಗೆ ಕೈಮುಗಿದು, ಅಂಗಿ ಕಳಚಿ ಕಾಚ ಬಿಗಿದು, ಗುದ್ದಲಿ ಹಿಡಿದು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಂಕಣಕ್ಕೆ, ಇಳಿಯುತ್ತಾನೆ. ಕೆಂಪು ಮಣ್ಣು ತುಳಿತಕ್ಕೆ ಗಟ್ಟಿಯಾಗಿರುತ್ತದೆ, ಅದನ್ನು ಅಗೆದು ಸಡಿಲಿಸಬೇಕು. ಒಂದು ಬದಿಯಿಂದ ಇನ್ನೊಂದು ಬದಿಗೆ ಅಗೆದು ಮುಗಿಸುವ ಹೊತ್ತಿಗೆ ಬೆನ್ನಿನಲ್ಲಿ ಬೆವರು ಇಳಿದಿರುತ್ತದೆ, ನಿದ್ದೆ ಹಾರಿರುತ್ತದೆ. ದಂಡ, ಬಸ್ಕಿ, ಪಟ್ಟುಗಳೆಲ್ಲ ಅದಾದ ಮೇಲೆ. ಇವತ್ತು ಮನಸ್ಸಿದೆಯಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಅವನೂ ಕೇಳಿಕೊಳ್ಳುವುದಿಲ್ಲ. ಬರಲಿಲ್ಲವೆಂದರೆ ಮಾತ್ರ ಉಸ್ತಾದರು ಕೇಳುತ್ತಾರೆ. ಜಾಗ, ಹೊತ್ತು, ಮೊದಲ ಕೆಲಸ, ಕಾಯುವ ಜನ ಎಲ್ಲವೂ ಮೊದಲೇ ಗೊತ್ತಾಗಿರುವುದರಿಂದ ಆ ಹುಡುಗ ಪ್ರತಿದಿನ ಹೊಸದಾಗಿ ತೀರ್ಮಾನ ಮಾಡಬೇಕಿಲ್ಲ. ಗಟ್ಟಿ ಮನಸ್ಸು ಎಂದು ನಾವು ಮೆಚ್ಚುವುದರಲ್ಲಿ ದೊಡ್ಡ ಪಾಲು ಈ ಏರ್ಪಾಡಿನದೇ ಎನ್ನುವುದು ನನ್ನ ನಂಬಿಕೆ.

ನೀವೂ ಇಂಥದೊಂದು ಏರ್ಪಾಡು ಮಾಡಿಕೊಳ್ಳಬಹುದು. ಜಿಮ್ ಸೋಮವಾರ ಮತ್ತು ಗುರುವಾರಕ್ಕೆ ಮಾತ್ರ ಇರಲಿ, ಭಾರ ಎತ್ತುವುದಕ್ಕೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ಹಾಲು ತರಲು ಹೊರಟಾಗ ಹಾಗೆಯೇ ಅರ್ಧ ಗಂಟೆ ಬಿರುಸಾಗಿ ನಡೆದು ಬನ್ನಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದರಲ್ಲಿ ಬಂದುಬಿಡುತ್ತದೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಿಂದಿನ ಷರತ್ತನ್ನೂ ಆ ಸಂಸ್ಥೆ ಆಗ ತೆಗೆದುಹಾಕಿತು. ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ವೇಗದ ಬಗ್ಗೆ ನನ್ನ ಸಂಶಯ ಹೇಳುತ್ತೇನೆ. ಮೂರು ವಾರಕ್ಕೆ ಬೇಸರ ಬರುವವರಲ್ಲಿ ಬಹಳ ಮಂದಿ ಮೊದಲ ದಿನದಿಂದಲೇ ಅಳತೆ ಮೀರಿ ದಣಿದಿರುತ್ತಾರೆ. ಉಸಿರು ಕಟ್ಟುವಷ್ಟು ಶ್ರಮ ಹೊಸಬರಿಗೆ ಆ ಕ್ಷಣದಲ್ಲಿ ಹಿಂಸೆಯೇ. ಅದರ ನೆನಪು ಮರುದಿನ ಕಾಲು ಹಿಡಿದು ಎಳೆಯುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ಸಾಕು. ಟ್ರೇನರ್ ಇನ್ನೂ ಎರಡು ಸುತ್ತು ಎಂದರೆ, ಇವತ್ತಿಗೆ ಇಷ್ಟೇ ಎಂದು ನಗುನಗುತ್ತಲೇ ಹೇಳಿ. ಇನ್ನೂ ಸ್ವಲ್ಪ ಮಾಡಬಹುದಿತ್ತು ಎನ್ನಿಸುವಾಗಲೇ ನಿಲ್ಲಿಸಿ ಮನೆಗೆ ಬನ್ನಿ. ಎರಡು ತಿಂಗಳ ಮಟ್ಟಿಗೆ ಹೀಗೇ ಇರಲಿ.

ಮಾಡುತ್ತಿರುವಾಗಲೇ ಮನಸ್ಸು ಸಾಕು ಎಂದರೆ ಏನು ಮಾಡುವುದು? ಇದಕ್ಕೆ ಅಭ್ಯಾಸದಿಂದ ಬರುವ ಉಪಾಯ ಒಂದಿದೆ. ಮಾರ್ಕೋರಾ ಸಹ ಇದ್ದ ತಂಡವೊಂದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ತಾವೇ ಹೇಳಿಕೊಳ್ಳುವ ಧೈರ್ಯದ ಮಾತುಗಳನ್ನು ಆರಿಸಿಕೊಂಡು ಎರಡು ವಾರ ರೂಢಿ ಮಾಡಿಕೊಂಡವರು ಸೈಕಲ್ ಯಂತ್ರವನ್ನು ಮೊದಲಿಗಿಂತ ನೂರಕ್ಕೆ 18ರಷ್ಟು ಹೆಚ್ಚು ಹೊತ್ತು ತುಳಿದರು. ಮಾತು ನಿಮ್ಮದೇ ಇರಲಿ, ನಿಮ್ಮ ನಾಲಿಗೆಗೆ ಬರುವಂತಿರಲಿ. ‘ಇನ್ನೊಂದು ಲೆಕ್ಕ ಅಷ್ಟೇ’ ಎಂದು ಮಕ್ಕಳಿಗೆ ಹೇಳುವ ದನಿಯಲ್ಲೇ ನಿಮಗೂ ಹೇಳಿಕೊಳ್ಳಿ. ತರಗತಿಯಲ್ಲಿ ಹಿಂದುಳಿದ ಮಗುವಿಗೆ ನೀವು ಆಡದ ಕಟುಮಾತನ್ನು ನಿಮಗೇ ಯಾಕೆ ಆಡಿಕೊಳ್ಳಬೇಕು?

ನಿಮ್ಮ ನಿಜವಾದ ತೊಡಕು ಇರುವುದು ನಾಲ್ಕು ದಿನ ತಪ್ಪಿದ ಮೇಲಿನ ಐದನೆಯ ದಿನದಲ್ಲಿ. ನಾಲ್ಕು ದಿನದಲ್ಲಿ ಮೈ ಏನನ್ನೂ ಕಳೆದುಕೊಂಡಿರುವುದಿಲ್ಲ. ಎರಡು ಮೂರು ವಾರ ಬಿಟ್ಟರೂ ಗಳಿಸಿದ ಬಲ ಬಹುಪಾಲು ಹಾಗೇ ಇರುತ್ತದೆ. ದಮ್ಮು ಸ್ವಲ್ಪ ಬೇಗ ಇಳಿಯುತ್ತದೆ, ಮತ್ತೆ ಹಿಡಿದರೆ ಬರುತ್ತದೆ. ಹೋಗದಂತೆ ತಡೆಯುವುದು ‘ಟ್ರೇನರ್ ಏನಂದುಕೊಳ್ಳುತ್ತಾರೋ, ಎಲ್ಲ ಮೊದಲಿನಿಂದ ಶುರು ಮಾಡಬೇಕಲ್ಲ’ ಎಂಬ ಸಂಕೋಚ. ಹಾಗಾಗಿ ವಾಪಸು ಹೋಗುವ ದಿನದ ಪಾಠವನ್ನೂ ಈಗಲೇ ಬರೆದಿಡಿ: ಮಾಮೂಲಿ ಭಾರದ ಅರ್ಧ, ಮಾಮೂಲಿ ಹೊತ್ತಿನ ಅರ್ಧ. ತಪ್ಪಿದ್ದನ್ನು ತುಂಬಲು ಹೋಗಬೇಡಿ. ಮದುವೆಮನೆಗೆ ಹೊರಡುವ ಮುಂಚೆಯೇ ಬಂದ ಮೇಲಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಯಜಮಾನರಿಗೆ ಈ ಪುಟ ತೋರಿಸುವುದಾದರೆ ಇಷ್ಟು ಓದಿ ಹೇಳಿ. ಹೆಂಡತಿಯ ವ್ಯಾಯಾಮದ ಗಂಟೆ ಆಕಾಶದಿಂದ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಅನ್ನಕ್ಕೆ ಇಡುವವರು, ಮಕ್ಕಳ ಹೋಮ್‌ವರ್ಕ್ ನೋಡುವವರು, ಹಿರಿಯರಿಗೆ ಮಾತ್ರೆ ಕೊಡುವವರು ಬೇರೆ ಯಾರಾದರೂ ಆಗಲೇಬೇಕು. ಸೋಮವಾರ, ಗುರುವಾರದ ಸಂಜೆಯ ಅಡುಗೆ ಅವರದು ಎಂದು ಗೊತ್ತಾಗಿಬಿಟ್ಟರೆ ನಿಮ್ಮ ಮನಸ್ಸಿನ ಮೇಲಿನ ಹೊರೆ ಅರ್ಧ ಇಳಿಯುತ್ತದೆ. ಮನೆಯವರ ಈ ನೆರವು ಇಲ್ಲದೆ ನಾನು ಮೇಲೆ ಬರೆದದ್ದರಲ್ಲಿ ಹೆಚ್ಚಿನದು ನಿಲ್ಲುವುದು ಕಷ್ಟ.

ಕೊನೆಗೆ ಪರೀಕ್ಷೆ ಕಾಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಆಮೇಲೆ ಮೌಲ್ಯಮಾಪನ ನಿಮಗೆ ಪ್ರತಿ ವರ್ಷ ಬರುವಂಥದ್ದೇ. ಆ ವಾರಗಳಲ್ಲಿ ಜಿಮ್‌ನಿಂದ ರಜೆ ತೆಗೆದುಕೊಳ್ಳಿ. ಅದರ ಬದಲು ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಹತ್ತು ಬಸ್ಕಿ, ಗೋಡೆಗೆ ಕೈಯೂರಿ ಹತ್ತು ದಂಡ, ಸಂಜೆ ಊಟವಾದ ಮೇಲೆ ಮನೆಯ ಮುಂದೆ ಹತ್ತು ನಿಮಿಷ ನಡಿಗೆ. ಮಂಡಿನೋವಿದ್ದರೆ ಬಸ್ಕಿಯ ಜಾಗದಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ಆಯಿತು.